ಪಿಯಾರ್‌ಗೆ ಗುಂಡು, ಮರಿನ್ಯೊಗೆ ಕ್ಷಮೆ: ವೆನೆಜುವೆಲಾ ಸ್ವಾತಂತ್ರ್ಯ ಯುದ್ಧದ ಒಂದು ಪ್ರಕರಣ

1817ರ ಅಕ್ಟೋಬರ್ 16ರ ಸಂಜೆ, ಓರಿನೋಕೊ ನದಿ ದಂಡೆಯ ಅಂಗೊಸ್ತುರಾ ಪಟ್ಟಣದಲ್ಲಿ ಒಬ್ಬ ಜನರಲ್‌ನನ್ನು ಚರ್ಚಿನ ಗೋಡೆಯ ಮುಂದೆ ನಿಲ್ಲಿಸಿ ಗುಂಡಿಕ್ಕಿದರು. ಅವನ ಹೆಸರು ಮನುಯೆಲ್ ಪಿಯಾರ್. ಗುಂಡು ಹೊಡೆದವರು ಸ್ಪೇನಿನ ಸೈನಿಕರಲ್ಲ. ಅವನದೇ ಪಕ್ಷದವರು, ಸ್ಪೇನಿನ ವಿರುದ್ಧ ಹೋರಾಡುತ್ತಿದ್ದ ದೇಶಭಕ್ತರು. ಆ ಊರು ಅವರ ಕೈಗೆ ಸಿಕ್ಕು ಆಗ ಮೂರು ತಿಂಗಳಷ್ಟೇ ಆಗಿತ್ತು. ಅದು ಸಿಗೋದಕ್ಕೆ ದಾರಿ ಮಾಡಿಕೊಟ್ಟವನೇ ಪಿಯಾರ್.

ಮರಣದಂಡನೆಗೆ ಸಹಿ ಹಾಕಿದವನು ಸಿಮೋನ್ ಬೊಲಿವಾರ್. ಐದು ದೇಶಗಳನ್ನು ಸ್ಪೇನಿನಿಂದ ಬಿಡಿಸಿದವನು ಅಂತ ನಾವೆಲ್ಲ ಓದಿರುವ ಅದೇ ಬೊಲಿವಾರ್. ಪಿಯಾರ್ ಮೇಲಿದ್ದ ಆರೋಪಗಳು ಆಜ್ಞೆ ಮೀರಿದ್ದು, ಸೈನ್ಯ ಬಿಟ್ಟು ಹೋದದ್ದು, ದಂಗೆ, ಪಿತೂರಿ. ಇದೇ ಹೊತ್ತಿನಲ್ಲಿ ಬೊಲಿವಾರ್ ವಿರುದ್ಧ ಬಹಿರಂಗವಾಗಿ ನಿಂತ ಇನ್ನೂ ಇಬ್ಬರು ಜನರಲ್‌ಗಳಿದ್ದರು, ಮರಿನ್ಯೊ ಮತ್ತು ಬೆರ್ಮುದೆಸ್. ಅವರಿಗೆ ಏನೂ ಆಗಲಿಲ್ಲ. ಅವರಿಬ್ಬರೂ ಬಿಳಿಯರು. ಪಿಯಾರ್‌ನ ತಾಯಿ ಕರಿಯರ ರಕ್ತ ಬೆರೆತವಳು.

ವ್ಯತ್ಯಾಸ ಇಷ್ಟೇನಾ? ನನ್ನ ಪ್ರಕಾರ ದೊಡ್ಡ ಪಾಲು ಇಷ್ಟೇ. ಆದರೆ ಹಾಗಂತ ಸುಮ್ನೆ ಹೇಳಿಬಿಟ್ಟರೆ ಸಾಲದು. ಹೆಜ್ಜೆ ಹೆಜ್ಜೆಯಾಗಿ ನೋಡೋಣ.

ಯುದ್ಧಕ್ಕೆ ಮುಂಚಿನ ವೆನೆಜುವೆಲಾ

1800ರ ಸುಮಾರಿಗೆ ಅಲ್ಲಿಗೆ ಹೋಗಿದ್ದ ಜರ್ಮನ್ ವಿಜ್ಞಾನಿ ಹುಂಬೋಲ್ಟ್ ಅಂದಾಜಿನಲ್ಲಿ ದೇಶದ ಜನಸಂಖ್ಯೆ ಸುಮಾರು 8 ಲಕ್ಷ. ಅದರಲ್ಲಿ ಅರ್ಧದಷ್ಟು ಜನ ಪಾರ್ದೊಗಳು. ಅಂದರೆ ಬಿಳಿಯರು, ಆಫ್ರಿಕನ್ನರು, ಮೂಲನಿವಾಸಿಗಳು ಬೆರೆತು ಹುಟ್ಟಿದ ಮಿಶ್ರ ಬಣ್ಣದವರು. ಗುಲಾಮರು 60 ಸಾವಿರಕ್ಕೂ ಜಾಸ್ತಿ. ಮೂಲನಿವಾಸಿಗಳು ಒಂದು ಲಕ್ಷದ ಮೇಲೆ. ಬಿಳಿಯರು ಕಾಲು ಭಾಗದಷ್ಟು. ಆ ಬಿಳಿಯರಲ್ಲೂ ಸ್ಪೇನಿನಲ್ಲೇ ಹುಟ್ಟಿ ಬಂದವರು ಸುಮಾರು 12 ಸಾವಿರ ಮಾತ್ರ, ಉಳಿದವರು ಅಲ್ಲೇ ಹುಟ್ಟಿ ಬೆಳೆದವರು, ಅವರನ್ನು ಕ್ರಿಯೋಲರು ಅನ್ನುತ್ತಿದ್ದರು.

ಕ್ರಿಯೋಲರ ತುದಿಯಲ್ಲಿ ಕೂತವರು ಮಾಂತುವಾನೊಗಳು. ಕರಾಕಸ್ ಸುತ್ತಮುತ್ತಲ ಕೋಕೋ ತೋಟಗಳ ಒಡೆಯರು, ಗುಲಾಮರ ಒಡೆಯರು, ನಗರಸಭೆಯ ಕುರ್ಚಿಗಳ ಒಡೆಯರು. ಬೊಲಿವಾರ್ ಹುಟ್ಟಿದ್ದು ಇಂಥ ಮನೆಯಲ್ಲಿ, ಅದೂ ಅವರೊಳಗೆ ತೀರಾ ಸಿರಿವಂತರ ಮನೆಯಲ್ಲಿ. ಈ ಜನ ಎಷ್ಟು ಬಿಗಿಯಾಗಿದ್ದರು ಅಂದರೆ, 1769ರಲ್ಲಿ ಕ್ಯಾನರಿ ದ್ವೀಪದಿಂದ ಬಂದ ಒಬ್ಬ ಬಿಳಿ ಬಟ್ಟೆ ವ್ಯಾಪಾರಿಗೆ ಸೇನಾಪಡೆಯ ಕ್ಯಾಪ್ಟನ್ ಹುದ್ದೆ ಕೊಟ್ಟಾಗ, ಅಂಗಡಿ ಇಟ್ಟವನು ನಮ್ಮ ಸಮಕ್ಕೆ ಸಮವಸ್ತ್ರ ಹಾಕುವುದೇ ಅಂತ ರಂಪ ಮಾಡಿದರು. ಆ ವ್ಯಾಪಾರಿಯ ಮಗನೇ ಮುಂದೆ ಸ್ವಾತಂತ್ರ್ಯ ಹೋರಾಟದ ಹಿರಿಯನಾದ ಫ್ರಾನ್ಸಿಸ್ಕೊ ದೆ ಮಿರಾಂದಾ. ಬಿಳಿಯನಿಗೇ ಹೀಗಾದರೆ ಪಾರ್ದೊಗಳ ಪಾಡು ಏನಿರಬೇಕು?

ಪಾರ್ದೊಗಳಿಗೆ ವಿಶ್ವವಿದ್ಯಾಲಯದ ಬಾಗಿಲು ಮುಚ್ಚಿತ್ತು. ಪಾದ್ರಿಯಾಗುವಂತಿರಲಿಲ್ಲ. ಅವರ ಹೆಂಗಸರು ರೇಷ್ಮೆ, ಚಿನ್ನ, ಮುತ್ತು ತೊಡುವುದಕ್ಕೂ ಕಾನೂನಿನ ಅಡ್ಡಿ. ಹೀಗಿದ್ದೂ ಕೈಕಸುಬು, ಸಣ್ಣ ವ್ಯಾಪಾರ, ಸೇನಾಪಡೆಯ ಕೆಲಸ ಮಾಡಿ ದುಡ್ಡು ಕಂಡ ಪಾರ್ದೊ ಕುಟುಂಬಗಳು ಬೆಳೆಯುತ್ತಿದ್ದವು. 1795ರಲ್ಲಿ ಸ್ಪೇನಿನ ರಾಜ ಒಂದು ದರಪಟ್ಟಿ ಹೊರಡಿಸಿದ. ಇಷ್ಟು ಹಣ ಕಟ್ಟಿದರೆ ಪಾರ್ದೊ ಅನ್ನುವ ಕಳಂಕದಿಂದ ವಿನಾಯಿತಿ. ರಾಜನಿಗೆ ಬೇಕಾಗಿದ್ದದ್ದು ಹಣ, ನಿಜ. ಆದರೂ ಅದು ಒಂದು ಕಿಂಡಿ. ಮರುವರ್ಷವೇ ಕರಾಕಸ್ ನಗರಸಭೆ ರಾಜನಿಗೆ ಉದ್ದನೆಯ ಪ್ರತಿಭಟನಾ ಪತ್ರ ಬರೆಯಿತು. ಹೀಗೆ ಮಾಡಿದರೆ ಬಿಳಿಯರಿಗೂ ಗುಲಾಮರ ಮಕ್ಕಳಿಗೂ ವ್ಯತ್ಯಾಸವೇ ಉಳಿಯುವುದಿಲ್ಲ ಅನ್ನೋದು ಅವರ ಗೋಳು.

ಇದನ್ನು ನೆನಪಿಡಬೇಕು. ಸಮಾನತೆಯ ಕಿಂಡಿ ತೆರೆದದ್ದು ದೂರದ ರಾಜ, ಮುಚ್ಚಲು ಓಡಿಬಂದವರು ಹತ್ತಿರದ ಒಡೆಯರು. ಇನ್ನು ಹದಿನೈದೇ ವರ್ಷಕ್ಕೆ ಅದೇ ಒಡೆಯರು ಸ್ವಾತಂತ್ರ್ಯದ ಬಾವುಟ ಹಿಡಿದರು. ಪಾರ್ದೊಗಳು, ಗುಲಾಮರು ಆ ಬಾವುಟದ ಹಿಂದೆ ಓಡಿಬರಲಿಲ್ಲ ಅಂದರೆ ಆಶ್ಚರ್ಯ ಏನಿದೆ?

ಇನ್ನೊಂದು ಕಡೆ ಭಯ. 1795ರಲ್ಲೇ ಕೋರೊ ಸೀಮೆಯಲ್ಲಿ ಹೋಸೆ ಲಿಯೊನಾರ್ದೊ ಚಿರಿನೊ ಎಂಬವನ ಮುಂದಾಳತನದಲ್ಲಿ ಗುಲಾಮರು, ಬಿಡುಗಡೆ ಪಡೆದ ಕರಿಯರು ಎದ್ದಿದ್ದರು. ಗುಲಾಮಗಿರಿ ಹೋಗಬೇಕು, ತೆರಿಗೆ ಇಳಿಯಬೇಕು ಅಂತ. ಅವನನ್ನು ಮರುವರ್ಷ ಕರಾಕಸ್‌ನಲ್ಲಿ ಕೊಂದರು. ಹತ್ತಿರದ ಹೈಟಿಯಲ್ಲಿ ಗುಲಾಮರು ಒಡೆಯರನ್ನೇ ಓಡಿಸಿ 1804ರಲ್ಲಿ ಸ್ವಂತ ದೇಶ ಕಟ್ಟಿಕೊಂಡರು. ಕೋಕೋ ತೋಟದ ಯಜಮಾನರಿಗೆ ಹೈಟಿ ಅಂದರೆ ನಿದ್ದೆ ಕೆಡಿಸುವ ಹೆಸರು.

ಮೊದಲ ಗಣರಾಜ್ಯ ಯಾರದ್ದು?

1811ರ ಜುಲೈ 5ರಂದು ವೆನೆಜುವೆಲಾ ಸ್ವಾತಂತ್ರ್ಯ ಘೋಷಿಸಿತು. ಡಿಸೆಂಬರ್‌ನಲ್ಲಿ ಸಂವಿಧಾನ ಬಂತು. ಪಾರ್ದೊಗಳನ್ನು ಕೀಳಾಗಿ ಕಾಣುವ ಹಳೆಯ ಕಾನೂನುಗಳನ್ನು ಅದು ರದ್ದು ಮಾಡಿತು. ಸಣ್ಣ ಸಂಗತಿಯಲ್ಲ ಅದು. ಆದರೆ ಮತದಾನಕ್ಕೆ ಆಸ್ತಿಯ ಷರತ್ತು ಇಟ್ಟಿತು. ಬಡ ಪಾರ್ದೊ ಕಾಗದದಲ್ಲಿ ಸಮಾನ, ಮತಪೆಟ್ಟಿಗೆಯ ಹತ್ತಿರ ಅಲ್ಲ. ಗುಲಾಮರ ವ್ಯಾಪಾರ ನಿಂತಿತು, ಗುಲಾಮಗಿರಿ ಮಾತ್ರ ಹಾಗೇ ಉಳಿಯಿತು. ತೋಟಗಳು ಯಾರವೋ ಅವರೇ ಸಂವಿಧಾನ ಬರೆದಿದ್ದರು.

ದಕ್ಷಿಣದ ಹುಲ್ಲುಗಾವಲು ಬಯಲಿನಲ್ಲಿ ಯಾನೆರೊಗಳಿದ್ದರು. ಕುದುರೆ ಸವಾರರು, ಕಾಡು ದನ ಹಿಡಿದು ಬದುಕುವವರು, ಹೆಚ್ಚಿನವರು ಪಾರ್ದೊಗಳು, ಓಡಿಬಂದ ಗುಲಾಮರು. ಆ ಬಯಲಿಗೆ ಬೇಲಿ ಇರಲಿಲ್ಲ, ದನಕ್ಕೆ ಒಡೆಯ ಇರಲಿಲ್ಲ. ಹೊಸ ಗಣರಾಜ್ಯ ಅದಕ್ಕೂ ಕಟ್ಟಳೆ ತಂದಿತು. ಜಮೀನ್ದಾರನ ಬರಹದ ಅನುಮತಿ ಇಲ್ಲದೆ ದನ ಹಿಡಿಯಬಾರದು, ಕೆಲಸವಿಲ್ಲದೆ ತಿರುಗುವವನನ್ನು ಹಿಡಿದು ದುಡಿಸಬಹುದು. ಅವರ ಅನ್ನಕ್ಕೇ ಕೈ ಹಾಕಿ, ಬನ್ನಿ ಸ್ವಾತಂತ್ರ್ಯಕ್ಕೆ ಹೋರಾಡಿ ಅಂದರೆ ಯಾರು ಬರುತ್ತಾರೆ?

ಬರಲಿಲ್ಲ. 1812ರಲ್ಲಿ ಬಾರ್ಲೊವೆಂತೊ ಕರಾವಳಿಯ ತೋಟಗಳಲ್ಲಿ ಗುಲಾಮರು ರಾಜನ ಹೆಸರು ಹೇಳಿಕೊಂಡು ಗಣರಾಜ್ಯದ ವಿರುದ್ಧ ಎದ್ದರು. ಜುಲೈ ಹೊತ್ತಿಗೆ ಮೊದಲ ಗಣರಾಜ್ಯ ಮುಗಿಯಿತು. ಬೊಲಿವಾರ್ 1813ರಲ್ಲಿ ಮತ್ತೆ ಗೆದ್ದು ಬಂದ. ಆಗ ಬಯಲಿನಿಂದ ಹೋಸೆ ತೊಮಾಸ್ ಬೊವೆಸ್ ಎದ್ದ.

ಬೊವೆಸ್ ಸ್ಪೇನಿನ ಅಸ್ತೂರಿಯಾಸ್‌ನವನು, ಬಿಳಿಯ, ಹಿಂದೆ ನಾವಿಕ, ಬಯಲಿನ ಕಲಬೋಸೊ ಊರಲ್ಲಿ ವ್ಯಾಪಾರಿ. ಯಾನೆರೊಗಳ ಜೊತೆ ಉಂಡು, ಅವರ ಜೊತೆ ನೆಲದ ಮೇಲೆ ಮಲಗಿ, ಬಿಳಿ ಒಡೆಯರ ಆಸ್ತಿ ನಿಮ್ಮದು ಅಂದ. ಸಾವಿರಾರು ಜನ ಹಿಂದೆ ಬಂದರು. ಅವನ ಸೈನ್ಯ ಮಾಡಿದ ಕೊಲೆಗಳು ಭೀಕರ. ಅವನ್ನು ಒಪ್ಪಿಕೊಳ್ಳುವ ಮಾತೇ ಇಲ್ಲ. ಆದರೆ ಆ ಸಿಟ್ಟನ್ನು ಬೊವೆಸ್ ಸೃಷ್ಟಿಸಲಿಲ್ಲ, ಬಳಸಿಕೊಂಡ ಅಷ್ಟೇ. 1814ರ ಜೂನ್ 15ರಂದು ಲಾ ಪುಯೆರ್ತಾದಲ್ಲಿ ಬೊಲಿವಾರ್‌ನ ಸೈನ್ಯವನ್ನು ಪುಡಿ ಮಾಡಿದ. ಜುಲೈನಲ್ಲಿ ಕರಾಕಸ್‌ನ ಸುಮಾರು 20 ಸಾವಿರ ಜನ ಪೂರ್ವದ ಕಡೆಗೆ ಕಾಲ್ನಡಿಗೆಯಲ್ಲಿ ಓಡಿದರು, ದಾರಿಯುದ್ದಕ್ಕೂ ಸತ್ತರು. ಬೊವೆಸ್ ಅದೇ ಡಿಸೆಂಬರ್‌ನಲ್ಲಿ ಉರಿಕಾ ಎಂಬಲ್ಲಿ ಈಟಿ ತಿವಿತಕ್ಕೆ ಸತ್ತ. ಎರಡನೆಯ ಗಣರಾಜ್ಯವೂ ಅಷ್ಟರಲ್ಲಿ ಸತ್ತಿತ್ತು.

ಇಲ್ಲಿಂದ ಬೊಲಿವಾರ್‌ಗೆ ಎರಡು ವಿಷಯ ಗಟ್ಟಿಯಾಗಿ ಹೊಕ್ಕವು ಅನ್ನಿಸುತ್ತದೆ. ಪಾರ್ದೊಗಳಿಲ್ಲದೆ ಈ ಯುದ್ಧ ಗೆಲ್ಲಲು ಆಗುವುದಿಲ್ಲ. ಪಾರ್ದೊಗಳು ತಾವೇ ಮುಂದಾಳುಗಳಾದರೆ ತನ್ನ ವರ್ಗ ಉಳಿಯುವುದಿಲ್ಲ. ಮುಂದಿನ ಹದಿನೈದು ವರ್ಷ ಅವನು ಮಾಡಿದ್ದನ್ನೆಲ್ಲ ಈ ಎರಡರ ನಡುವೆ ಇಟ್ಟು ಓದಿದರೆ ಬೇಗ ಅರ್ಥವಾಗುತ್ತದೆ.

ಸೋತು ಓಡಿದ ಅವನಿಗೆ ನೆಲೆ ಕೊಟ್ಟದ್ದು ಹೈಟಿ. ಅಧ್ಯಕ್ಷ ಅಲೆಕ್ಸಾಂಡರ್ ಪೆತಿಯೊನ್ ಬಂದೂಕು, ಮದ್ದು, ಹಡಗಿಗೆ ನೆರವು ಎಲ್ಲ ಕೊಟ್ಟ. ಬದಲಿಗೆ ಕೇಳಿದ್ದು ಒಂದೇ: ನೀನು ಬಿಡಿಸುವ ನೆಲದಲ್ಲಿ ಗುಲಾಮರನ್ನು ಬಿಡು. 1816ರ ಜೂನ್ 2ರಂದು ಕರೂಪಾನೊದಲ್ಲಿ ಬೊಲಿವಾರ್ ಆಜ್ಞೆ ಹೊರಡಿಸಿದ. 14ರಿಂದ 60 ವಯಸ್ಸಿನ ಗಟ್ಟಿ ಗಂಡಸರು 24 ಗಂಟೆಯೊಳಗೆ ಬಂದು ಸೈನ್ಯ ಸೇರಬೇಕು, ಸೇರಿದರೆ ಬಿಡುಗಡೆ. ಸೇರದಿದ್ದರೆ ಅವನೂ ಗುಲಾಮ, ಅವನ ಹೆಂಡತಿ, ಸಣ್ಣ ಮಕ್ಕಳು, ಮುದಿ ತಂದೆತಾಯಿ ಕೂಡ ಗುಲಾಮರು. ಪೆತಿಯೊನ್ ಕೇಳಿದ್ದು ಇದನ್ನಲ್ಲ. ಅವನು ಕೇಳಿದ್ದು ಬಿಡುಗಡೆ, ಬೊಲಿವಾರ್ ಕೊಟ್ಟದ್ದು ಷರತ್ತಿನ ಭರ್ತಿ ಪತ್ರ.

ಪಿಯಾರ್ ಯಾರು?

ಹುಟ್ಟಿದ್ದು 1774ರಲ್ಲಿ, ಡಚ್ಚರ ಕುರಾಸಾವ್ ದ್ವೀಪದಲ್ಲಿ. ತಂದೆ ಕ್ಯಾನರಿ ದ್ವೀಪ ಮೂಲದ ನಾವಿಕ ಫೆರ್ನಾಂದೊ ಪಿಯಾರ್. ತಾಯಿ ಮರಿಯಾ ಇಸಬೆಲ್ ಗೊಮೆಸ್, ಕುರಾಸಾವ್‌ನ ಮಿಶ್ರ ವರ್ಣದ ಹೆಂಗಸು. ಚಿಕ್ಕವನಿದ್ದಾಗ ತಾಯಿಯ ಜೊತೆ ವೆನೆಜುವೆಲಾದ ಬಂದರು ಲಾ ಗುವಾಯ್ರಾಕ್ಕೆ ಬಂದ. ನೋಡಲು ಬಿಳಿ ಮೈಬಣ್ಣ, ನೀಲಿ ಕಣ್ಣು ಅಂತ ಕಂಡವರು ಬರೆದಿದ್ದಾರೆ. ಆದರೂ ಲೆಕ್ಕದಲ್ಲಿ ಪಾರ್ದೊ. ಬಣ್ಣ ಕಣ್ಣಿಗೆ ಕಾಣುವ ವಿಷಯ ಆಗಿರಲಿಲ್ಲ ಅಲ್ಲಿ, ತಾಯಿ ಯಾರು ಅನ್ನುವ ವಿಷಯ ಆಗಿತ್ತು. ಜಾತಿ ಅಂದರೆ ಏನು ಅಂತ ಗೊತ್ತಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆಮೇಲೆ ಅವನ ಬಗ್ಗೆ ಒಂದು ಕತೆ ಹಬ್ಬಿತು. ಅವನು ನಿಜಕ್ಕೂ ಕರಾಕಸ್‌ನ ದೊಡ್ಡ ಮನೆತನದ ಹೆಣ್ಣಿನ ಗುಟ್ಟಿನ ಮಗ, ಕುರಾಸಾವ್‌ನ ತಾಯಿ ಸಾಕಿದವಳು ಮಾತ್ರ ಅಂತ. ಇದಕ್ಕೆ ಗಟ್ಟಿ ಆಧಾರ ಇಲ್ಲ. ಆದರೆ ಅವನನ್ನು ಮೆಚ್ಚುವವರೇ ಇದನ್ನು ಹೇಳುತ್ತಾ ಬಂದದ್ದು ನನಗೆ ಬೇಸರ ತರಿಸುತ್ತದೆ. ಇಷ್ಟು ದೊಡ್ಡ ಸೇನಾನಿ ಆ ಹೆಂಗಸಿನ ಹೊಟ್ಟೆಯಲ್ಲಿ ಹುಟ್ಟಿರಲು ಸಾಧ್ಯವಿಲ್ಲ ಅನ್ನುವ ನಂಬಿಕೆಯೇ ಆ ಕತೆಯ ಬೇರು.

ಸೇನಾನಿಯಾಗಿ ಅವನು ನಿಜಕ್ಕೂ ದೊಡ್ಡವನು. 1816ರ ಸೆಪ್ಟೆಂಬರ್ 27ರಂದು ಎಲ್ ಹುಂಕಾಲ್‌ನಲ್ಲಿ ಗೆದ್ದ. ಆಗ ಬೊಲಿವಾರ್ ಮತ್ತೆ ಸೋತು ಹೈಟಿಯಲ್ಲಿದ್ದ. ನಂತರ ಪಿಯಾರ್ ಕರಾಕಸ್ ಕಡೆ ನೋಡದೆ ದಕ್ಷಿಣಕ್ಕೆ, ವೆನೆಜುವೆಲಾದೊಳಗಿನ ಗಯಾನಾ ಸೀಮೆಗೆ ಹೊರಟ. ಇದೇ ಅವನ ದೊಡ್ಡ ಯೋಚನೆ. ಅಲ್ಲಿ ಓರಿನೋಕೊ ನದಿ ಇದೆ, ಸಮುದ್ರದಿಂದ ಒಳನಾಡಿಗೆ ಹಡಗು ಬರುತ್ತದೆ. ಕರೋನಿ ನದಿಯ ಆಚೀಚೆ ಕಪುಚಿನ್ ಪಂಥದ ಪಾದ್ರಿಗಳು ಮೂಲನಿವಾಸಿಗಳನ್ನು ಕೂಡಿಸಿ ನಡೆಸುತ್ತಿದ್ದ ಮಿಷನ್‌ಗಳಿವೆ, ಅಲ್ಲಿ ದನ, ಹೇಸರಗತ್ತೆ, ಧಾನ್ಯ ಎಲ್ಲ ಇದೆ. ದನ ಮಾರಿದರೆ ಕೆರಿಬಿಯನ್ ದ್ವೀಪಗಳಿಂದ ಬಂದೂಕು ಬರುತ್ತದೆ. 1817ರ ಆರಂಭದಲ್ಲಿ ಮಿಷನ್‌ಗಳು ಅವನ ಕೈಗೆ ಬಂದವು. ಏಪ್ರಿಲ್ 11ರಂದು ಸಾನ್ ಫೆಲಿಕ್ಸ್‌ನಲ್ಲಿ ಸ್ಪೇನಿನ ಮಿಗೆಲ್ ದೆ ಲಾ ತೊರ್ರೆಯ ಸೈನ್ಯವನ್ನು ಒಡೆದ. ಜುಲೈನಲ್ಲಿ ಅಂಗೊಸ್ತುರಾ ಬಿತ್ತು. ಅಲ್ಲಿಯವರೆಗೆ ಕಾಲೂರಲು ಜಾಗವಿಲ್ಲದೆ ಅಲೆಯುತ್ತಿದ್ದ ಗಣರಾಜ್ಯಕ್ಕೆ ಒಂದು ರಾಜಧಾನಿ ಸಿಕ್ಕಿತು.

ಸಾನ್ ಫೆಲಿಕ್ಸ್ ಗೆಲುವಿನಲ್ಲಿ ಬಿಲ್ಲು ಬಾಣ ಹಿಡಿದ ಮಿಷನ್‌ನ ಮೂಲನಿವಾಸಿಗಳೂ ಇದ್ದರು. ಅವರ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ. ಪಾದ್ರಿಗಳ ಕೈಯಿಂದ ಅವರು ಸೈನ್ಯದ ಕೈಗೆ ಬಂದರು, ಅಷ್ಟೇ ಬದಲಾವಣೆ. ಅವರ ದನ ಹೋಯಿತು, ಗಂಡಸರನ್ನು ಭರ್ತಿ ಮಾಡಿಕೊಂಡರು, ಆ ಊರುಗಳು ಬರಿದಾದವು. ಪಿಯಾರ್ ಕೂಡ ಇದರಲ್ಲಿ ಪಾಲುದಾರ. ಗೆದ್ದ ಮೇಲೆ ಸ್ಪೇನಿನ ಕೈದಿಗಳನ್ನು ಕೊಲ್ಲಿಸಿದವನೂ ಅವನೇ. ಅವನಿಗೆ ಅನ್ಯಾಯವಾಯಿತು ಅನ್ನುವುದಕ್ಕೆ ಅವನನ್ನು ಸಂತನನ್ನಾಗಿ ಮಾಡಬೇಕಾಗಿಲ್ಲ.

ಮುರಿದದ್ದು ಎಲ್ಲಿ?

ಮೇ ತಿಂಗಳಲ್ಲಿ ಬೊಲಿವಾರ್ ಪಿಯಾರ್‌ನನ್ನು ಜನರಲ್ ಇನ್ ಚೀಫ್ ದರ್ಜೆಗೆ ಏರಿಸಿದ. ಅದರ ಹಿಂದೆಯೇ ಗಯಾನಾದ ಹಿಡಿತವನ್ನು ತಾನೇ ತೆಗೆದುಕೊಂಡ. ಗೆದ್ದವನು ಪಿಯಾರ್, ಆಳುವವನು ಬೊಲಿವಾರ್. ಮಿಷನ್‌ಗಳ ಆಡಳಿತ ಹೋಸೆ ಫೆಲಿಕ್ಸ್ ಬ್ಲಾಂಕೊ ಎಂಬ ಪಾದ್ರಿ-ಅಧಿಕಾರಿಯ ಕೈಯಲ್ಲಿತ್ತು. ಅವನಿಗೂ ಪಿಯಾರ್‌ಗೂ ಜಗಳ. ಪಿಯಾರ್ ಸೈನ್ಯದಿಂದ ಬಿಡುಗಡೆ ಕೇಳಿದ. ಜೂನ್ 30ರಂದು ಬೊಲಿವಾರ್ ಅವನಿಗೆ ಎಲ್ಲಿಗೆ ಬೇಕಾದರೂ ಹೋಗುವ ಪಾಸ್‌ಪೋರ್ಟ್ ಕೊಟ್ಟ.

ಸೈನ್ಯ ಬಿಟ್ಟು ಹೋದ ಅನ್ನೋದು ಆರೋಪಗಳಲ್ಲಿ ಒಂದು ಅಂದೆನಲ್ಲ, ಈ ತಾರೀಕು ಅದಕ್ಕಾಗಿ ಮುಖ್ಯ. ಹೋಗು ಅಂತ ಕಾಗದ ಕೊಟ್ಟವನೇ ಆಮೇಲೆ ಓಡಿಹೋದ ಅಂದ.

ಆಮೇಲಿನ ವಾರಗಳಲ್ಲಿ ಪಿಯಾರ್ ಸುಮ್ಮನಿರಲಿಲ್ಲ, ನಿಜ. ಅತೃಪ್ತ ಅಧಿಕಾರಿಗಳ ಜೊತೆ ಮಾತಾಡಿದ, ಪೂರ್ವಕ್ಕೆ ಹೋದ, ಮರಿನ್ಯೊ ಜೊತೆ ಸೇರುವ ದಾರಿ ನೋಡಿದ. ವಿಚಾರಣೆಯಲ್ಲಿ ಒಬ್ಬ ಅಧಿಕಾರಿ ಹೇಳಿದ ಸಾಕ್ಷ್ಯದ ಸಾರ ಹೀಗಿದೆ: ನಾನು ನನ್ನ ಕತ್ತಿಯ ಬಲದಿಂದ, ನನ್ನ ಅದೃಷ್ಟದಿಂದ ಈ ದರ್ಜೆಗೆ ಏರಿದೆ, ಆದರೆ ನಾನು ಮುಲಾಟೊ (ಬಿಳಿಯರು, ಕರಿಯರು ಬೆರೆತು ಹುಟ್ಟಿದವನು), ಈ ಗಣರಾಜ್ಯವನ್ನು ನಾನು ಆಳುವಂತಿಲ್ಲ, ಅಂತ ಪಿಯಾರ್ ಹೇಳಿದನಂತೆ. ಇನ್ನೂ ಬಿಗಿಯಾದ ಸರಪಳಿ ಹಾಕಿಸಿಕೊಳ್ಳಲೆಂದೇ ರಕ್ತ ಸುರಿಸುತ್ತಿರುವ ಬಡಪಾಯಿಗಳ ಪರ ನಿಲ್ಲುತ್ತೇನೆ ಅಂದನಂತೆ. ಸಾಕ್ಷಿ ವಿರೋಧಿ ಕಡೆಯವನು, ಹಾಗಾಗಿ ಪೂರ್ತಿ ನಂಬಬೇಕಿಲ್ಲ. ಆದರೆ ಒಂದು ಕ್ಷಣ ನಿಜವೆಂದೇ ಇಟ್ಟುಕೊಳ್ಳಿ. ಅದರಲ್ಲಿ ಸುಳ್ಳು ಯಾವುದು? ಮುಲಾಟೊ ಗೆಲ್ಲಬಹುದಿತ್ತು, ಆಳಬಹುದಿತ್ತೇ?

ಆಗಸ್ಟ್ 5ರಂದು ಬೊಲಿವಾರ್ ಜನರಿಗೆ ಒಂದು ದೊಡ್ಡ ಘೋಷಣಾಪತ್ರ ಬರೆದ. ಈ ಪ್ರಕರಣದಲ್ಲಿ ನಾನು ಅತಿ ಜಾಸ್ತಿ ಹೊತ್ತು ಓದಿದ ಕಾಗದ ಇದೇ. ಅದರಲ್ಲಿ ಪಿಯಾರ್ ಮೇಲೆ ಎರಡು ಆಪಾದನೆ ಅಕ್ಕಪಕ್ಕ ಇವೆ. ಒಂದು, ಪಿಯಾರ್ ತಾನು ಕ್ಯಾನರಿ ದ್ವೀಪಗಳಲ್ಲೊಂದಾದ ತೆನೆರಿಫೆಯ ದೊಡ್ಡ ಮನೆತನದವನೆಂದು ಬೀಗುತ್ತಾ, ಹೆತ್ತ ತಾಯಿಯನ್ನೇ ಗುರುತಿಲ್ಲ ಅಂದ, ಎಂಥ ನಾಚಿಕೆಗೇಡು. ಎರಡು, ಪಿಯಾರ್ ಬಣ್ಣದವರನ್ನು ಬಿಳಿಯರ ಮೇಲೆ ಎತ್ತಿಕಟ್ಟುತ್ತಿದ್ದಾನೆ, ಚರ್ಮ ಸ್ವಲ್ಪ ತಿಳಿಯಾಗಿ ಹುಟ್ಟಿದ ತಪ್ಪಿಗೆ ಮಕ್ಕಳು, ಹೆಂಗಸರು, ಮುದುಕರನ್ನು ಕೊಲ್ಲಿಸುವ ಯುದ್ಧ ಬೇಕು ಅವನಿಗೆ.

ಎರಡನ್ನೂ ಜೊತೆಗಿಟ್ಟು ನೋಡಿ. ಬಿಳಿಯನಾಗಲು ಹೊರಟರೂ ತಪ್ಪು, ಪಾರ್ದೊಗಳ ಪರ ಮಾತಾಡಿದರೂ ತಪ್ಪು. ಮೇಲಕ್ಕೆ ಹೋಗಲು ಬಯಸಿದರೆ ತಾಯಿಯನ್ನು ಮರೆತವನು, ತಾಯಿಯ ಕಡೆಯವರನ್ನು ನೆನೆದರೆ ರಕ್ತಪಿಪಾಸು. ಅವನಿಗೆ ಉಳಿದದ್ದು ಒಂದೇ ಜಾಗ, ಬಾಯಿ ಮುಚ್ಚಿಕೊಂಡು ಯುದ್ಧ ಗೆದ್ದುಕೊಡುವ ಜಾಗ. ಇದನ್ನು ಬರೆದವನು ನೂರಾರು ಗುಲಾಮರಿದ್ದ ಮನೆಯಲ್ಲಿ, ಕರಿ ದಾದಿಯ ಮೊಲೆಹಾಲು ಕುಡಿದು ಬೆಳೆದವನು.

ವಿಚಾರಣೆ

ಸೆಪ್ಟೆಂಬರ್ ಕೊನೆಯಲ್ಲಿ ಅರಾಗುವಾ ದೆ ಮತುರಿನ್ ಎಂಬಲ್ಲಿ ಜನರಲ್ ಮನುಯೆಲ್ ಸೆದೆನ್ಯೊ ಪಿಯಾರ್‌ನನ್ನು ಹಿಡಿದ. ಬಂಧನದಿಂದ ಸಾವಿನವರೆಗೆ ಮೂರು ವಾರ ಕೂಡ ತುಂಬಲಿಲ್ಲ. ಯುದ್ಧ ನ್ಯಾಯಾಲಯದ ಅಧ್ಯಕ್ಷ ಅಡ್ಮಿರಲ್ ಲೂಯಿಸ್ ಬ್ರಿಯೋನ್. ಅವನೂ ಕುರಾಸಾವ್‌ನವನೇ, ಆದರೆ ಶ್ರೀಮಂತ ಬಿಳಿ ವ್ಯಾಪಾರಿ ಕುಟುಂಬದವನು. ಒಂದೇ ಸಣ್ಣ ದ್ವೀಪದ ಇಬ್ಬರು, ಒಬ್ಬ ನ್ಯಾಯಪೀಠದಲ್ಲಿ, ಇನ್ನೊಬ್ಬ ಕಟಕಟೆಯಲ್ಲಿ. ಆರೋಪ ಹೊರಿಸಿದವನು ಕಾರ್ಲೋಸ್ ಸುಬ್ಲೆತ್, ಮುಂದೆ ವೆನೆಜುವೆಲಾದ ಅಧ್ಯಕ್ಷನಾದವನು. ಪಿಯಾರ್ ಪರ ವಾದಿಸಿದವನು ಫೆರ್ನಾಂದೊ ಗಾಲಿಂದೊ. ಅಕ್ಟೋಬರ್ 15ರಂದು ತೀರ್ಪು: ದರ್ಜೆ ಕಿತ್ತುಹಾಕಿ ಮರಣದಂಡನೆ. ಬೊಲಿವಾರ್ ದರ್ಜೆ ಕೀಳುವುದನ್ನು ಬಿಟ್ಟ, ಸಾವನ್ನು ಬಿಡಲಿಲ್ಲ. ಮರುದಿನ ಸಂಜೆ ಮುಗಿಯಿತು.

ಈಗ ಆ ಇನ್ನಿಬ್ಬರ ವಿಷಯ.

ಸಾಂತಿಯಾಗೊ ಮರಿನ್ಯೊ, ಪೂರ್ವದ ಶ್ರೀಮಂತ ಬಿಳಿ ಮನೆಯವನು. 1817ರ ಮೇನಲ್ಲಿ ಕರಿಯಾಕೊದಲ್ಲಿ ಒಂದು ಕಾಂಗ್ರೆಸ್ ಕೂಡಿಸಿ, ಬೇರೆ ಸರ್ಕಾರವನ್ನೇ ರಚಿಸಿದ. ಪಿಯಾರ್ ಯೋಚಿಸಿದ ಅಂತ ಆರೋಪ ಇದ್ದದ್ದನ್ನು ಇವನು ಹಗಲಲ್ಲೇ, ಸಭೆ ಸೇರಿಸಿ, ಸಹಿ ಹಾಕಿಸಿ ಮಾಡಿದ. ಬೊಲಿವಾರ್ ಅವನನ್ನು ಒಲಿಸಿಕೊಳ್ಳಲು ನೋಡಿದ, ರಕ್ತ ಹರಿಯದಂತೆ ಎಚ್ಚರ ವಹಿಸಿದ. 1818ರಲ್ಲಿ ಪೂರ್ವದ ಸೈನ್ಯದ ಮುಖ್ಯಸ್ಥನನ್ನಾಗಿ ಮಾಡಿದ. 1821ರ ಕರಾಬೊಬೊ ಕದನದಲ್ಲಿ ಮರಿನ್ಯೊ ಬೊಲಿವಾರ್ ಸೈನ್ಯದ ಮುಖ್ಯ ಸಿಬ್ಬಂದಿ ಅಧಿಕಾರಿ.

ಹೋಸೆ ಫ್ರಾನ್ಸಿಸ್ಕೊ ಬೆರ್ಮುದೆಸ್, ಅವನೂ ಬಿಳಿಯ. 1816ರ ಆಗಸ್ಟ್‌ನಲ್ಲಿ ಗುಯಿರಿಯಾದಲ್ಲಿ ಮರಿನ್ಯೊ ಜೊತೆ ಸೇರಿ ಬೊಲಿವಾರ್‌ನ ಅಧಿಕಾರವನ್ನೇ ತಳ್ಳಿಹಾಕಿದ. ಕತ್ತಿ ಹಿರಿದು ಬೊಲಿವಾರ್ ಮೇಲೆ ಬಿದ್ದ, ಅಲ್ಲಿದ್ದವರು ತಡೆದರು. ಒಂದೇ ವರ್ಷದಲ್ಲಿ ಅವನಿಗೆ ಕುಮಾನಾ ಸೀಮೆಯ ಸೇನಾಧಿಪತ್ಯ, ಅದೂ ಮರಿನ್ಯೊನನ್ನು ದಾರಿಗೆ ತರುವ ಕೆಲಸಕ್ಕೆ.

ಬೊಲಿವಾರ್ ಪರ ಹೇಳುವ ವಾದವನ್ನೂ ಕೇಳಬೇಕು. ಪ್ರತಿ ಸೀಮೆಗೂ ಒಬ್ಬೊಬ್ಬ ಸೇನಾನಿ, ಯಾರೂ ಯಾರ ಮಾತೂ ಕೇಳುತ್ತಿರಲಿಲ್ಲ, ಹೀಗೆ ಚೂರುಚೂರಾಗಿ ಸ್ಪೇನನ್ನು ಗೆಲ್ಲಲು ಆಗುತ್ತಿರಲಿಲ್ಲ ಅನ್ನುತ್ತಾರೆ. ನಿಜ. ಪಿಯಾರ್ ಹಿಂದೆಯೂ ಬೊಲಿವಾರ್‌ಗೆ ಎದುರಾಗಿದ್ದ, 1814ರಲ್ಲಿ ಮಾರ್ಗರಿತಾ ದ್ವೀಪಕ್ಕೆ ಅವನನ್ನು ಇಳಿಯಲು ಬಿಟ್ಟಿರಲಿಲ್ಲ. ಅದೂ ನಿಜ. ಪಿಯಾರ್ ಸತ್ತ ಮೇಲೆ ಉಳಿದ ಜನರಲ್‌ಗಳು ತಣ್ಣಗಾದರು ಅನ್ನೋದು ಕೂಡ ನಿಜ. ಆದರೆ ಪಾಠ ಕಲಿಸಲು ಒಬ್ಬನನ್ನು ಕೊಲ್ಲಲೇಬೇಕಿತ್ತು ಅಂತಿಟ್ಟುಕೊಂಡರೂ, ಆ ಒಬ್ಬ ಯಾಕೆ ಪಿಯಾರ್? ಮರಿನ್ಯೊ ಹಿಂದೆ ಕುಟುಂಬ, ಆಸ್ತಿ, ಪೂರ್ವದ ಬಿಳಿ ಒಡೆಯರು ಇದ್ದರು. ಪಿಯಾರ್ ಹಿಂದೆ ಇದ್ದದ್ದು ಬರೀ ಅವನ ಗೆಲುವುಗಳು. ಮರಿನ್ಯೊ ಗೆದ್ದಿದ್ದರೆ ಒಬ್ಬ ಬಿಳಿಯನ ಬದಲು ಇನ್ನೊಬ್ಬ ಬಿಳಿಯ ಕುರ್ಚಿಯಲ್ಲಿ ಕೂರುತ್ತಿದ್ದ. ಪಿಯಾರ್ ಗೆದ್ದಿದ್ದರೆ ಕುರ್ಚಿಯೇ ಬೇರೆಯಾಗುತ್ತಿತ್ತು. ಭಯ ಇದ್ದದ್ದು ಅಲ್ಲಿ.

ಹಿಂದಿನ ವಾರದ ಕಾನೂನು, ಮರುದಿನದ ಭಾಷಣ

ಮರಣದಂಡನೆಗೆ ಆರು ದಿನ ಮೊದಲು, ಅಕ್ಟೋಬರ್ 10ರಂದು, ಬೊಲಿವಾರ್ ಒಂದು ಕಾನೂನು ತಂದ. ಶತ್ರುಗಳಿಂದ ಕಿತ್ತುಕೊಂಡ ಆಸ್ತಿಯನ್ನು ಸೈನಿಕರಿಗೆ ಹಂಚುವ ಕಾನೂನು. ಸಮಯ ಗಮನಿಸಿ. ಪಾರ್ದೊ ಸೈನಿಕರ ಮೆಚ್ಚಿನ ಜನರಲ್ ಸೆರೆಯಲ್ಲಿದ್ದಾನೆ, ಅದೇ ಹೊತ್ತಿಗೆ ಆಸ್ತಿಯ ಭರವಸೆ ಬರುತ್ತದೆ. ಹಂಚಿಕೆ ಹೇಗೆ? ಜನರಲ್ ಇನ್ ಚೀಫ್‌ಗೆ 25,000 ಪೆಸೊ, ಸಾಮಾನ್ಯ ಸೈನಿಕನಿಗೆ 500. ಐವತ್ತು ಪಟ್ಟು ವ್ಯತ್ಯಾಸ.

ಆ 500 ಕೂಡ ಸುಲಭವಾಗಿ ಸಿಗಲಿಲ್ಲ. ಆಮೇಲೆ ಭೂಮಿಯ ಬದಲು ಚೀಟಿ ಕೊಟ್ಟರು. ಹಸಿದ ಸೈನಿಕ ಚೀಟಿ ಇಟ್ಟುಕೊಂಡು ಎಷ್ಟು ದಿನ ಕಾಯುತ್ತಾನೆ? ಮುಖಬೆಲೆಯ ಸಣ್ಣ ಪಾಲಿಗೆ ಮಾರಿದ. ಕೊಂಡವರು ಮೇಲಧಿಕಾರಿಗಳು, ವ್ಯಾಪಾರಿಗಳು. ಯಾನೆರೊಗಳ ಮುಂದಾಳು, ಬಡತನದಲ್ಲಿ ಹುಟ್ಟಿದ ಹೋಸೆ ಆಂತೊನಿಯೊ ಪಾಯೆಸ್ ಈ ದಾರಿಯಲ್ಲೇ ದೇಶದ ದೊಡ್ಡ ಜಮೀನ್ದಾರರಲ್ಲಿ ಒಬ್ಬನಾದ. ಕೋಕೋ ತೋಟಗಳು ಕೈ ಬದಲಾದವು, ಆದರೆ ಒಡೆಯ ಮತ್ತು ಆಳು ಅನ್ನುವ ಏರ್ಪಾಡು ಬದಲಾಗಲಿಲ್ಲ.

ಅಕ್ಟೋಬರ್ 17ರಂದು, ಅಂದರೆ ಗುಂಡು ಹಾರಿದ ಮರುದಿನ, ಬೊಲಿವಾರ್ ಸೈನಿಕರಿಗೆ ಮಾತಾಡಿದ. ನಿನ್ನೆ ನನ್ನ ಹೃದಯಕ್ಕೆ ನೋವಿನ ದಿನ ಅಂದ. ನಮ್ಮ ಆಯುಧಗಳು ಗುಲಾಮರ ಸರಪಳಿ ಮುರಿದಿಲ್ಲವೇ, ವರ್ಗ ಬಣ್ಣಗಳ ಹಾಳು ಭೇದ ಶಾಶ್ವತವಾಗಿ ರದ್ದಾಗಿಲ್ಲವೇ, ಆಸ್ತಿ ಹಂಚಲು ಆಜ್ಞೆ ಆಗಿಲ್ಲವೇ ಅಂತ ಕೇಳಿದ. ಆ ದಿನ ವೆನೆಜುವೆಲಾದ ತೋಟಗಳಲ್ಲಿ ಸಾವಿರಾರು ಗುಲಾಮರು ಇನ್ನೂ ದುಡಿಯುತ್ತಿದ್ದರು. ಅವರ ಮಕ್ಕಳು, ಮೊಮ್ಮಕ್ಕಳು ಕೂಡ ದುಡಿಯಬೇಕಿತ್ತು.

ನನಗೆ ಈ ಭಾಷಣ ಸಿಟ್ಟು ಬರಿಸುತ್ತದೆ, ಯಾಕೆ ಅಂದರೆ ಈ ವಾದ ಇವತ್ತೂ ಜೀವಂತ ಇದೆ. ಸಮಾನತೆ ಆಗಿಹೋಗಿದೆ, ಕಾನೂನಿನಲ್ಲಿ ಬರೆದಿದೆ, ಇನ್ನೂ ಅಸಮಾನತೆ ಅನ್ನುವವನೇ ಜನರನ್ನು ಒಡೆಯುವವನು ಅನ್ನುವ ವಾದ. ತಾರತಮ್ಯ ಮಾಡುವುದಲ್ಲ, ಅದರ ಹೆಸರು ಹೇಳುವುದೇ ಅಪರಾಧ. ಪಿಯಾರ್ ಪ್ರಕರಣದಲ್ಲಿ ಆ ಅಪರಾಧಕ್ಕೆ ಶಿಕ್ಷೆ ಸಾವು.

ಬೊಲಿವಾರ್‌ಗೆ ತಾನು ಏನು ಮಾಡುತ್ತಿದ್ದೇನೆ ಅಂತ ಗೊತ್ತಿತ್ತೇ? ಗೊತ್ತಿತ್ತು ಅನ್ನುವುದಕ್ಕೆ ಅವನ ಪತ್ರಗಳೇ ಸಾಕ್ಷಿ. 1825ರಲ್ಲಿ, ವೆನೆಜುವೆಲಾ ಕೂಡ ಆಗ ಸೇರಿದ್ದ ಕೊಲಂಬಿಯಾ ಗಣರಾಜ್ಯದ ಉಪಾಧ್ಯಕ್ಷ ಸಾಂತಾಂದೆರ್‌ಗೆ ಬರೆಯುತ್ತಾ, ಕಾನೂನಿನ ಸಮಾನತೆ ಜನರಿಗೆ ಸಾಲುವುದಿಲ್ಲ, ಅವರಿಗೆ ಪೂರ್ತಿ ಸಮಾನತೆ ಬೇಕು, ಆಮೇಲೆ ಪಾರ್ದೊಗಳ ಆಳ್ವಿಕೆ ಬೇಕು ಅನ್ನುತ್ತಾರೆ, ಕೊನೆಗೆ ಮೇಲ್ವರ್ಗವೇ ನಾಶವಾಗುತ್ತದೆ ಅಂತ ಭಯ ತೋಡಿಕೊಂಡ.

1828ರಲ್ಲಿ ಇದೇ ಕತೆ ಇನ್ನೊಮ್ಮೆ ನಡೆಯಿತು. ಹೋಸೆ ಪ್ರುದೆನ್ಸಿಯೊ ಪಾದಿಯಾ ಪಾರ್ದೊ ಅಡ್ಮಿರಲ್, 1823ರ ಜುಲೈ 24ರಂದು ಮರಕೈಬೊ ಸರೋವರದಲ್ಲಿ ಸ್ಪೇನಿನ ನೌಕಾಪಡೆಯನ್ನು ಮುಗಿಸಿದವನು. 1828ರ ಸೆಪ್ಟೆಂಬರ್ 25ರ ರಾತ್ರಿ ಕೊಲಂಬಿಯಾದ ರಾಜಧಾನಿ ಬೊಗೊತಾದಲ್ಲಿ ಬೊಲಿವಾರ್‌ನನ್ನು ಕೊಲ್ಲುವ ಸಂಚು ನಡೆದಾಗ ಅವನು ಬೇರೆ ಪ್ರಕರಣದಲ್ಲಿ ಜೈಲಿನಲ್ಲಿದ್ದ. ಆದರೂ ಅಕ್ಟೋಬರ್ 2ರಂದು ಅವನನ್ನು ಕೊಂದರು. ಅದೇ ಸಂಚಿನ ಮುಖ್ಯ ಆರೋಪಿ ಎಂದು ಸಾವಿನ ಶಿಕ್ಷೆ ಪಡೆದ ಸಾಂತಾಂದೆರ್ ಬಿಳಿಯ. ಅವನ ಶಿಕ್ಷೆ ಗಡಿಪಾರಿಗೆ ಇಳಿಯಿತು. ಕೆಲವೇ ವರ್ಷದಲ್ಲಿ ವಾಪಸ್ ಬಂದು ನ್ಯೂ ಗ್ರನಾಡಾದ, ಅಂದರೆ ಇಂದಿನ ಕೊಲಂಬಿಯಾದ, ಅಧ್ಯಕ್ಷನಾದ.

1828ರ ನವೆಂಬರ್‌ನಲ್ಲಿ ಬೊಲಿವಾರ್ ತನ್ನ ಆಪ್ತ ಬ್ರಿಸೆನ್ಯೊ ಮೆಂದೆಸ್‌ಗೆ ಬರೆದ ಪತ್ರದಲ್ಲಿ ಪಿಯಾರ್, ಪಾದಿಯಾ ಸಾವಿಗೆ ಪಶ್ಚಾತ್ತಾಪವಾಗಿದೆ ಅಂದ. ಪಿಯಾರ್ ಮತ್ತು ಪಾದಿಯಾ ವರ್ಗದವರು ನನ್ನ ವಿರುದ್ಧ ದೂರುತ್ತಾರೆ, ಆ ಬಿಳಿಯನ ವಿಷಯದಲ್ಲಿ ಮಾತ್ರ ನಾನು ಮೆತ್ತಗಾದೆ ಅನ್ನುತ್ತಾರೆ, ಹಾಗನ್ನುವುದರಲ್ಲಿ ಬೇಕಾದಷ್ಟು ನ್ಯಾಯ ಇದೆ, ದೇಶಕ್ಕೆ ಆ ಇಬ್ಬರು ಮಾಡಿದಷ್ಟು ಸೇವೆ ಸಾಂತಾಂದೆರ್ ಮಾಡಿಲ್ಲ, ಅಂತ ಅವನೇ ಬರೆದ. ಹಾಗಾಗಿ ಇದು ಇವತ್ತಿನ ಕಣ್ಣಿನಿಂದ ಅಂದಿನವರನ್ನು ಅಳೆಯುವುದು ಅಂತ ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಅಳತೆ ಬೊಲಿವಾರ್‌ನದೇ.

ಇನ್ನು ಪೆತಿಯೊನ್‌ಗೆ ಕೊಟ್ಟ ಮಾತು. 1819ರಲ್ಲಿ ಅಂಗೊಸ್ತುರಾ ಕಾಂಗ್ರೆಸ್ ಮುಂದೆ ಬೊಲಿವಾರ್ ಗುಲಾಮರ ಬಿಡುಗಡೆಗಾಗಿ ಬೇಡಿಕೊಂಡ. ಇದನ್ನು ಅವನ ಲೆಕ್ಕಕ್ಕೆ ಪ್ರಾಮಾಣಿಕವಾಗಿ ಸೇರಿಸಬೇಕು. ಕಾಂಗ್ರೆಸ್ಸಿನ ಒಡೆಯರು ಕೇಳಲಿಲ್ಲ. 1821ರಲ್ಲಿ ಕುಕುತಾ ಪಟ್ಟಣದಲ್ಲಿ ಸೇರಿದ ಕೊಲಂಬಿಯಾ ಕಾಂಗ್ರೆಸ್ಸಿನ ಕಾನೂನು ಮುಂದೆ ಹುಟ್ಟುವ ಮಕ್ಕಳಿಗೆ ಮಾತ್ರ ಬಿಡುಗಡೆ ಕೊಟ್ಟಿತು, ಅದೂ 18 ವರ್ಷದವರೆಗೆ ತಾಯಿಯ ಒಡೆಯನಿಗೆ ದುಡಿದ ಮೇಲೆ. ಬೊಲಿವಾರ್ ಸತ್ತ 1830ರಲ್ಲಿ, ಪಾಯೆಸ್‌ನ ವೆನೆಜುವೆಲಾ ಆ ವಯಸ್ಸನ್ನು 21ಕ್ಕೆ ಏರಿಸಿತು. ಗುಲಾಮಗಿರಿ ಕೊನೆಗೂ ಹೋದದ್ದು 1854ರ ಮಾರ್ಚ್ 24ರಂದು. ಪರಿಹಾರದ ಹಣಕ್ಕೆ ಹಕ್ಕುದಾರರಾದವರು ಒಡೆಯರು, ಗುಲಾಮರಲ್ಲ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಸಾಂತಿಯಾಗೊ ಮರಿನ್ಯೊ ತೀರಿಕೊಂಡ. ಪಿಯಾರ್‌ಗಿಂತ ಮೂವತ್ತೇಳು ವರ್ಷ ಜಾಸ್ತಿ ಬದುಕಿದ್ದ, ಅಷ್ಟರಲ್ಲಿ ಇನ್ನೂ ಹಲವು ಸಲ ಸರ್ಕಾರದ ವಿರುದ್ಧ ಎದ್ದಿದ್ದ.